ಫ್ರೀಲಾನ್ಸ್ ಡೆವಲಪರ್ ಕೈಯಲ್ಲಿ ವ್ಯಾಪಾರದ ವೆಬ್‌ಸೈಟ್ ಮಾಡಿಸುವವರಿಗೆ

ಮಂಗಳೂರು, ಉಡುಪಿ ಕಡೆ ವೆಬ್‌ಸೈಟ್ ಮಾಡಿಕೊಡುವವರಿಗೆ ಬರಗಾಲವಿಲ್ಲ. ಸುರತ್ಕಲ್‌ನ ಎನ್‌ಐಟಿಕೆ, ಮಣಿಪಾಲದ ಎಂಐಟಿ, ನಿಟ್ಟೆ, ಬಂಟಕಲ್ಲು, ಅಡ್ಯಾರು, ವಾಮಂಜೂರು ಅಂತ ಹೆಜ್ಜೆಗೊಂದು ಇಂಜಿನಿಯರಿಂಗ್ ಕಾಲೇಜು ಇದೆ. ಒಳ್ಳೆಯ ಕೆಲಸ ಗೊತ್ತಿರುವ ಹುಡುಗ ಹುಡುಗಿಯರು ಸಿಗುತ್ತಾರೆ. ಆದರೆ ಅವರು ಇಲ್ಲೇ ಉಳಿಯುತ್ತಾರೆ ಅಂತಿಲ್ಲ. ಇವತ್ತು ಕದ್ರಿಯಲ್ಲಿ ರೂಮ್ ಮಾಡಿಕೊಂಡು ಫ್ರೀಲಾನ್ಸ್ ಮಾಡುವವರಿಗೆ ನಾಳೆ ಬೆಂಗಳೂರಿನಲ್ಲೋ ದುಬೈಯಲ್ಲೋ ಕೆಲಸ ಸಿಗುತ್ತದೆ. ಸಿಕ್ಕಿದರೆ ಹೋಗುತ್ತಾರೆ, ಹೋಗಲಿ. ಕಷ್ಟ ಶುರುವಾಗುವುದು ಅವರ ಜೊತೆ ನಿಮ್ಮ ಡೊಮೇನ್ (ಸೈಟ್‌ನ ವಿಳಾಸದ ಹೆಸರು), ಪಾಸ್‌ವರ್ಡ್, ಓಟಿಪಿ ಬರುವ ಸಿಮ್ ಕೂಡ ವಿಮಾನ ಹತ್ತಿದಾಗ.

ಡೆವಲಪರ್ ಎಲ್ಲಿಗೆ ಹೋದರೂ ಸೈಟ್ ನಿಮ್ಮ ಕೈಯಲ್ಲೇ ಉಳಿಯಬೇಕು. ಮೊದಲ ದಿನದಿಂದ ಆ ಲೆಕ್ಕದಲ್ಲೇ ಕೆಲಸ ಮಾಡಿಸುವುದು ಹೇಗೆ ಎಂದು ಇಲ್ಲಿ ಒಂದೊಂದಾಗಿ ಹೇಳುತ್ತೇನೆ.

ಮೊದಲು: ಸೈಟ್ ನಿಜಕ್ಕೂ ಬೇಕಾ?

ಎಲ್ಲರಿಗೂ ಬೇಡ. ಮಲ್ಪೆಯಲ್ಲಿ ಮೀನು ಮಾರುವವರಿಗೆ ವಾಟ್ಸಾಪ್ ಗುಂಪು ಸಾಕು. ಕಂಕನಾಡಿಯ ಒಂದು ಸಣ್ಣ ಹೋಟೆಲಿಗೆ ಗೂಗಲ್ ಬಿಸಿನೆಸ್ ಪ್ರೊಫೈಲ್ ಸಾಕಾಗಬಹುದು. ಅದಕ್ಕೆ ದುಡ್ಡಿಲ್ಲ. ಮ್ಯಾಪ್‌ನಲ್ಲಿ ಜಾಗ, ಬಾಗಿಲು ತೆರೆದಿರುವ ಹೊತ್ತು, ಫೋನ್ ನಂಬರ್, ಫೋಟೋ, ಗಿರಾಕಿಗಳ ಅಭಿಪ್ರಾಯ ಎಲ್ಲ ಅದರಲ್ಲೇ ಬರುತ್ತದೆ. ಸೈಟ್ ಮಾಡಿಸುವವರು ಕೂಡ ಮೊದಲು ಇದನ್ನು ಮಾಡಿಕೊಳ್ಳಿ, ನಿಮ್ಮದೇ ಗೂಗಲ್ ಖಾತೆಯಿಂದ.

ದೂರದ ಗಿರಾಕಿ ನಿಮ್ಮನ್ನು ನೋಡದೆಯೇ ನಂಬಬೇಕಾದ ವ್ಯಾಪಾರವಾದರೆ ಸೈಟ್ ಬೇಕೇ ಬೇಕು. ಕಾಪು, ಪಡುಬಿದ್ರಿ ಕಡೆಯ ಹೋಮ್‌ಸ್ಟೇ, ಗೇರುಬೀಜ ಮತ್ತು ಹಲಸಿನ ಹಪ್ಪಳ ಕೊರಿಯರ್ ಮಾಡುವವರು, ಮುಂಬೈಯಲ್ಲಿರುವವರು ಊರಲ್ಲಿ ಮಾಡುವ ಮದುವೆಗೆ ಅಡುಗೆ ವಹಿಸಿಕೊಳ್ಳುವ ಕೇಟರಿಂಗ್‌ನವರು, ಬೈಕಂಪಾಡಿ ಅಥವಾ ಯೆಯ್ಯಾಡಿಯಲ್ಲಿ ಸಣ್ಣ ಕಾರ್ಖಾನೆ ಇಟ್ಟುಕೊಂಡವರು, ಕ್ಲಿನಿಕ್‌ಗಳು, ಬಿಲ್ಡರ್‌ಗಳು. ಇವರ ಗಿರಾಕಿ ಫೋನ್ ಮಾಡುವ ಮೊದಲು ಹೆಸರು ಹಾಕಿ ಹುಡುಕಿಯೇ ಹುಡುಕುತ್ತಾರೆ.

ಡೆವಲಪರ್‌ಗೆ ಫೋನ್ ಮಾಡುವ ಮೊದಲು ಒಂದು ಹಾಳೆ ಬರೆಯಿರಿ

"ಚಂದದ ಒಂದು ವೆಬ್‌ಸೈಟ್ ಬೇಕು, ಎಷ್ಟಾಗುತ್ತದೆ?" ಎಂದು ಕೇಳಿದರೆ ಯಾರಿಗೂ ಸರಿಯಾದ ರೇಟು ಹೇಳಲಿಕ್ಕೆ ಆಗುವುದಿಲ್ಲ. ಸೈಟ್ ನೋಡಿದವರು ಕೊನೆಗೆ ಏನು ಮಾಡಬೇಕು? ಫೋನ್ ಮಾಡಬೇಕೇ, ವಾಟ್ಸಾಪ್‌ನಲ್ಲಿ ಕೇಳಬೇಕೇ, ರೂಮ್ ಬುಕ್ ಮಾಡಬೇಕೇ, ಅಲ್ಲೇ ಹಣ ಕಟ್ಟಬೇಕೇ? ಇದೊಂದನ್ನು ಗಟ್ಟಿ ಮಾಡಿಕೊಂಡರೆ ಅರ್ಧ ಗೊಂದಲ ಹೋಗುತ್ತದೆ. ಹಣ ಕಟ್ಟಿಸುವ ಸೈಟ್‌ಗೂ ಬರೀ ವಿವರ ತೋರಿಸುವ ಸೈಟ್‌ಗೂ ಕೆಲಸದಲ್ಲಿ ಅಜಗಜಾಂತರ.

ಆಮೇಲೆ ಯಾವ ಯಾವ ಪುಟ ಬೇಕು, ಕನ್ನಡದಲ್ಲಿ ಬೇಕೇ ಇಂಗ್ಲಿಷಿನಲ್ಲಿ ಬೇಕೇ ಅಥವಾ ಎರಡೂ ಬೇಕೇ, ಬೆಲೆ ಬದಲಾದಾಗ ಸೈಟ್‌ನಲ್ಲಿ ತಿದ್ದುವವರು ಯಾರು ಎಂದು ಬರೆಯಿರಿ. ನಿಮಗೆ ಇಷ್ಟವಾದ ಎರಡು ಮೂರು ಸೈಟ್‌ಗಳ ಹೆಸರು, ಏಕೆ ಇಷ್ಟ ಎಂಬ ಒಂದು ಸಾಲು ಸೇರಿಸಿ.

ಸಮಯದ ಬಗ್ಗೆ ಒಂದು ಮಾತು. ಮಳೆಗಾಲದ ಆಟಿ ತಿಂಗಳಲ್ಲಿ ನಮ್ಮಲ್ಲಿ ವ್ಯಾಪಾರ ತಣ್ಣಗಿರುತ್ತದೆ. ಕೆಲಸ ಶುರು ಮಾಡಲು ಅದೇ ಒಳ್ಳೆಯ ಹೊತ್ತು. ನವರಾತ್ರಿಗೆ ಮೊದಲು ಸೈಟ್ ತಯಾರಾದರೆ ದಸರಾ, ದೀಪಾವಳಿ, ಡಿಸೆಂಬರ್ ರಜೆ ಎಲ್ಲ ನಿಮಗೆ ಸಿಗುತ್ತದೆ. ಆದರೆ ಫೋಟೋಗಳನ್ನು ಮಳೆಗಾಲಕ್ಕೆ ಮೊದಲೇ ತೆಗೆಸಿಡಿ. ಜುಲೈಯಲ್ಲಿ ತೆಗೆದ ಬೀಚ್ ಹೋಮ್‌ಸ್ಟೇ ಫೋಟೋದಲ್ಲಿ ಕಪ್ಪು ಮೋಡ, ಕೆಸರು ಮಾತ್ರ ಕಾಣುತ್ತದೆ.

ಸೈಟ್ ತಡವಾದರೆ ಎಲ್ಲರೂ ಡೆವಲಪರನ್ನು ಬೈಯುತ್ತಾರೆ. ಎಷ್ಟೋ ಸಲ ತಡವಾಗುವುದು ಮಾಲೀಕರು ಫೋಟೋ, ಬೆಲೆಪಟ್ಟಿ, ವಿವರ ಕೊಡದೇ ಇರುವುದರಿಂದ. ಇವನ್ನೆಲ್ಲ ಒಂದು ಫೋಲ್ಡರ್‌ನಲ್ಲಿ ಹಾಕಿಟ್ಟುಕೊಂಡೇ ಮಾತುಕತೆಗೆ ಹೋಗಿ.

ಯಾರನ್ನು, ಎಲ್ಲಿ ಹುಡುಕುವುದು

ಊರಿನ ಒಳ್ಳೆಯ ಸೈಟ್‌ಗಳ ಅಡಿಯಲ್ಲಿ ಮಾಡಿದವರ ಹೆಸರು ಇರುತ್ತದೆ, ಅಲ್ಲಿಂದ ಶುರು ಮಾಡಿ. ಪರಿಚಯದ ಅಂಗಡಿಯವರನ್ನು ಕೇಳಿ. ಲಿಂಕ್ಡ್‌ಇನ್, ಅಪ್‌ವರ್ಕ್‌ನಂಥ ಕಡೆಯೂ ಮಂಗಳೂರಿನವರು ಸಿಗುತ್ತಾರೆ.

ಮಾತಾಡುವಾಗ ಅವರು ಮಾಡಿದ, ಈಗಲೂ ನಡೆಯುತ್ತಿರುವ ಮೂರು ಸೈಟ್ ಕೇಳಿ. ಸ್ಕ್ರೀನ್‌ಶಾಟ್ ಬೇಡ, ಲಿಂಕೇ ಬೇಕು. ವೈಫೈ ಆಫ್ ಮಾಡಿ, ಮೊಬೈಲ್ ಡೇಟಾದಲ್ಲಿ ತೆರೆದು ನೋಡಿ. ಬಟನ್ ಒತ್ತಿ, ಫಾರ್ಮ್ ತುಂಬಿ. ಆ ಸೈಟ್‌ಗಳ ಮಾಲೀಕರಲ್ಲಿ ಇಬ್ಬರಿಗೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿ: "ಕೆಲಸ ಮುಗಿದು ಆರು ತಿಂಗಳಾದ ಮೇಲೂ ಇವರು ಫೋನ್ ಎತ್ತಿದ್ದಾರಾ?" ನನ್ನ ಪ್ರಕಾರ ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ.

ಕಾಲೇಜಿನಲ್ಲಿ ಓದುತ್ತಿರುವವರಿಗೆ ಕೆಲಸ ಕೊಡಬಹುದೇ? ಖಂಡಿತ ಕೊಡಿ, ಸಣ್ಣ ಸೈಟ್ ಆದರೆ ಅವರು ಮನಸ್ಸಿಟ್ಟು ಮಾಡುತ್ತಾರೆ. ಸೆಮಿಸ್ಟರ್ ಪರೀಕ್ಷೆ ಯಾವಾಗ ಎಂದು ಮೊದಲೇ ಕೇಳಿಕೊಂಡು ದಿನ ಗೊತ್ತು ಮಾಡಿ. ಅಕ್ಕನ ಮಗ, ಭಾವನ ತಮ್ಮ ಮಾಡಿಕೊಡುತ್ತೇನೆ ಎಂದರೂ ಹಾಗೆಯೇ, ಹೊರಗಿನವರ ಜೊತೆ ಮಾಡುವಷ್ಟೇ ಕಟ್ಟುನಿಟ್ಟಾಗಿ ಬರೆದು ಮಾಡಿ. "ನಮ್ಮವನೇ ಅಲ್ವಾ" ಎಂದು ರೇಟು ಮಾತಾಡದೆ ಶುರು ಮಾಡಿದ ಕೆಲಸದಲ್ಲಿ ಸೈಟೂ ಆಗುವುದಿಲ್ಲ, ಸಂಬಂಧವೂ ಕೆಡುತ್ತದೆ.

ಇನ್ನೊಂದು ಪ್ರಶ್ನೆ ಮರೆಯಬೇಡಿ: "ಯಾವುದರಲ್ಲಿ ಮಾಡುತ್ತೀರಿ? ನೀವಿಲ್ಲದಿದ್ದರೆ ಬೇರೆಯವರು ಮುಂದುವರಿಸಬಹುದಾ?" ಸೈಟ್ ಕಟ್ಟುವ ಉಚಿತ ತಂತ್ರಾಂಶ ವರ್ಡ್‌ಪ್ರೆಸ್ ಬಂದದ್ದು 2003ರಲ್ಲಿ. ಇವತ್ತು ಪ್ರಪಂಚದ ಹತ್ತು ಸೈಟ್‌ಗಳಲ್ಲಿ ಸುಮಾರು ನಾಲ್ಕು ಅದರಲ್ಲೇ ಇವೆ. ಅದನ್ನು ತಿಳಿದವರು ಪುತ್ತೂರಿನಲ್ಲೂ ಸಿಗುತ್ತಾರೆ, ಕುಂದಾಪುರದಲ್ಲೂ ಸಿಗುತ್ತಾರೆ. ಹಾಗಾಗಿ ಸಾಧಾರಣ ವ್ಯಾಪಾರದ ಸೈಟ್‌ಗೆ ವರ್ಡ್‌ಪ್ರೆಸ್ ಸಾಕು. ಎಲ್ಲವನ್ನೂ ಸ್ವಂತ ಕೋಡ್‌ನಲ್ಲಿ ಬರೆಯುತ್ತೇನೆ ಎಂದರೆ ಅದರಿಂದ ನಿಮಗೆ ಏನು ಲಾಭ ಎಂದು ಕೇಳಿ. ಉತ್ತರ ನಿಮಗೆ ಅರ್ಥವಾಗುವ ಹಾಗೆ ಇರಬೇಕು.

ಕೊಟೇಶನ್ ಬಿಡಿಸಿ ಓದಿ

ಒಬ್ಬರು 10 ಸಾವಿರ ಎಂದರು, ಇನ್ನೊಬ್ಬರು 50 ಸಾವಿರ ಎಂದರು ಅಂದುಕೊಳ್ಳಿ. ಮೊತ್ತ ಮಾತ್ರ ನೋಡಿ ತೀರ್ಮಾನಿಸಬೇಡಿ. ಇಬ್ಬರಿಂದಲೂ ಸಾಲು ಸಾಲಾಗಿ ಬರೆಸಿಕೊಳ್ಳಿ: ಡೊಮೇನ್, ಹೋಸ್ಟಿಂಗ್ (ಸೈಟ್ ಇಡುವ ಬಾಡಿಗೆ ಜಾಗ), ಥೀಮ್ (ಸಿದ್ಧ ವಿನ್ಯಾಸ) ಮತ್ತು ಪ್ಲಗಿನ್‌ಗಳ (ಸೈಟ್‌ಗೆ ಸೇರಿಸುವ ಹೆಚ್ಚುವರಿ ಸೌಲಭ್ಯ) ಲೈಸೆನ್ಸ್, ವಿನ್ಯಾಸ, ಬರವಣಿಗೆ, ಎಷ್ಟು ಸಲ ತಿದ್ದಿಕೊಡುತ್ತಾರೆ, ವರ್ಷದ ನಿರ್ವಹಣೆ. ಕಡಿಮೆ ಹೇಳಿದವರು ಅರ್ಧಕ್ಕರ್ಧ ಬಿಟ್ಟಿರಬಹುದು.

ಎರಡನೇ ವರ್ಷದ ಖರ್ಚು ಎಷ್ಟು ಎಂದು ಬೇರೆಯಾಗಿ ಕೇಳಿ. ಡೊಮೇನ್, ಹೋಸ್ಟಿಂಗ್ ಕಂಪನಿಗಳು ಮೊದಲ ವರ್ಷ ಆಫರ್ ಕೊಡುತ್ತವೆ, ನವೀಕರಣಕ್ಕೆ ಪೂರ್ತಿ ದರ ಹಾಕುತ್ತವೆ. ಸೈಟ್‌ಗೂ ಗಿರಾಕಿಗೂ ನಡುವೆ ಹೋಗಿಬರುವ ಮಾಹಿತಿಗೆ ಬೀಗ ಹಾಕುವ ಎಸ್‌ಎಸ್‌ಎಲ್ ಪ್ರಮಾಣಪತ್ರಕ್ಕೆ ಸಾವಿರಾರು ರೂಪಾಯಿ ಹಾಕಿದ್ದರೆ ಏಕೆ ಎಂದು ವಿಚಾರಿಸಿ. ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆ ಅದನ್ನು ಉಚಿತವಾಗಿ ಕೊಡುತ್ತದೆ, ಹೆಚ್ಚಿನ ಹೋಸ್ಟಿಂಗ್‌ಗಳಲ್ಲಿ ತನ್ನಿಂತಾನೇ ನವೀಕರಣವಾಗುವಂತೆ ಸಿಗುತ್ತದೆ.

ಸುಮ್ನೆ ಸಿಗುತ್ತದೆ ಎಂದು ಪೈರೇಟೆಡ್ (ಕದ್ದ ನಕಲು) ಥೀಮ್, ಪ್ಲಗಿನ್ ಹಾಕುವವರಿದ್ದಾರೆ. ಅದರೊಳಗೆ ಕಳ್ಳ ಕೋಡ್ ಸೇರಿರುವುದು ಸಾಮಾನ್ಯ. ಒಂದು ದಿನ ನಿಮ್ಮ ಹೋಮ್‌ಸ್ಟೇ ಸೈಟ್ ತೆರೆದರೆ ಜೂಜಿನ ಜಾಹೀರಾತು ಬರುತ್ತದೆ. ಪೈರೇಟೆಡ್ ಯಾವುದನ್ನೂ ಬಳಸುವುದಿಲ್ಲ ಎಂದು ಕೊಟೇಶನ್‌ನಲ್ಲೇ ಬರೆಸಿ.

ಜಿಎಸ್‌ಟಿ ಹಾಕಿದ್ದರೆ ಬಿಲ್‌ನಲ್ಲಿ 15 ಅಕ್ಷರ ಅಂಕಿಗಳ ಜಿಎಸ್‌ಟಿ ಸಂಖ್ಯೆ ಇರಬೇಕು. ಕರ್ನಾಟಕದ್ದಾದರೆ 29ರಿಂದ ಶುರುವಾಗುತ್ತದೆ. ಜಿಎಸ್‌ಟಿ ಪೋರ್ಟಲ್‌ನಲ್ಲಿ ಹಾಕಿ ನೋಡಿದರೆ ಯಾರ ಹೆಸರು ಎಂದು ಗೊತ್ತಾಗುತ್ತದೆ. ಊರಲ್ಲೇ ಕೆಲಸ ಮಾಡುವ ಫ್ರೀಲಾನ್ಸರ್‌ನ ವರ್ಷದ ವಹಿವಾಟು 20 ಲಕ್ಷ ರೂಪಾಯಿ ದಾಟದಿದ್ದರೆ ನೋಂದಣಿ ಸಾಮಾನ್ಯವಾಗಿ ಕಡ್ಡಾಯವಲ್ಲ. ನೋಂದಣಿ ಇಲ್ಲದವರು ನಿಮ್ಮಿಂದ ಜಿಎಸ್‌ಟಿ ವಸೂಲು ಮಾಡುವ ಹಾಗೂ ಇಲ್ಲ. ಟಿಡಿಎಸ್ (ಹಣ ಕೊಡುವಾಗಲೇ ಹಿಡಿಯುವ ತೆರಿಗೆ) ಕಡಿಯಬೇಕೇ ಎಂದು ನಿಮ್ಮ ಲೆಕ್ಕ ನೋಡುವವರನ್ನು ಒಂದು ಮಾತು ಕೇಳಿಬಿಡಿ.

ಡೊಮೇನ್, ಹೋಸ್ಟಿಂಗ್, ಓಟಿಪಿ: ಎಲ್ಲ ನಿಮ್ಮ ಹೆಸರಲ್ಲಿ

ಇಡೀ ಲೇಖನದಲ್ಲಿ ಒಂದೇ ಭಾಗ ಓದುತ್ತೀರಾದರೆ ಇದನ್ನು ಓದಿ.

ಅಂಗಡಿಗೆ ಬಣ್ಣ ಹೊಡೆಯುವವರ ಹೆಸರಲ್ಲಿ ಯಾರಾದರೂ ಅಂಗಡಿಯ ಕರಾರುಪತ್ರ ಮಾಡಿಸುತ್ತಾರಾ? ಡೊಮೇನ್ ವಿಷಯದಲ್ಲಿ ಜನ ಅದನ್ನೇ ಮಾಡುತ್ತಿದ್ದಾರೆ. "ಎಲ್ಲ ನಾನೇ ನೋಡಿಕೊಳ್ಳುತ್ತೇನೆ, ನೀವು ಹಣ ಕೊಡಿ ಸಾಕು" ಎಂದು ಡೆವಲಪರ್ ಹೇಳುತ್ತಾರೆ. ಅವರ ಉದ್ದೇಶ ಒಳ್ಳೆಯದೇ. ತಮ್ಮ ಖಾತೆಯಲ್ಲಿ, ತಮ್ಮ ಇಮೇಲ್ ಹಾಕಿ ಡೊಮೇನ್ ತೆಗೆದುಕೊಳ್ಳುತ್ತಾರೆ. ಕಾಗದದ ಪ್ರಕಾರ ಆ ಹೆಸರಿನ ಹಕ್ಕುದಾರ ಯಾರ ವಿವರ ನೋಂದಣಿಯಾಗಿದೆಯೋ ಅವರು. ಬೋರ್ಡ್, ಬಿಲ್‌ಬುಕ್, ವಿಸಿಟಿಂಗ್ ಕಾರ್ಡ್ ಎಲ್ಲದರ ಮೇಲೆ ನೀವು ಅಚ್ಚು ಹಾಕಿಸಿದ ಹೆಸರು ನಿಮ್ಮದಲ್ಲ.

ಸರಿಯಾದ ಕ್ರಮ ಹೀಗೆ. ಮೊದಲು ವ್ಯಾಪಾರಕ್ಕೆಂದೇ ಒಂದು ಹೊಸ ಜಿಮೇಲ್ ತೆರೆಯಿರಿ. ಅದಕ್ಕೆ ನಿಮ್ಮ ಮೊಬೈಲ್ ನಂಬರ್ ಕೊಡಿ, ಮನೆಯವರ ಇನ್ನೊಂದು ನಂಬರನ್ನು ಎರಡನೆಯದಾಗಿ ಸೇರಿಸಿ. ಆ ಜಿಮೇಲ್‌ನಿಂದ ಡೊಮೇನ್ ಕಂಪನಿಯಲ್ಲಿ ಖಾತೆ ಮಾಡಿ, ನಿಮ್ಮದೇ ಯುಪಿಐ ಅಥವಾ ಕಾರ್ಡ್‌ನಿಂದ ಹಣ ಕಟ್ಟಿ. ಡೆವಲಪರ್ ಪಕ್ಕದಲ್ಲಿ ಕೂತು ತೋರಿಸಿಕೊಡಲಿ, ಹದಿನೈದು ಇಪ್ಪತ್ತು ನಿಮಿಷದ ಕೆಲಸ. ಹೋಸ್ಟಿಂಗ್‌ಗೂ ಅದೇ ಜಿಮೇಲ್. ಗೂಗಲ್ ಅನಾಲಿಟಿಕ್ಸ್ (ಸೈಟ್‌ಗೆ ಎಷ್ಟು ಜನ ಬಂದರೆಂದು ತೋರಿಸುವುದು), ಸರ್ಚ್ ಕನ್ಸೋಲ್ (ಗೂಗಲ್ ಹುಡುಕಾಟದಲ್ಲಿ ಸೈಟ್ ಹೇಗೆ ಸಿಗುತ್ತದೆಂದು ತೋರಿಸುವುದು), ಬಿಸಿನೆಸ್ ಪ್ರೊಫೈಲ್ ಎಲ್ಲದರಲ್ಲೂ ಮಾಲೀಕರು ನೀವು. ಡೆವಲಪರ್‌ಗೆ ಕೆಲಸ ಮಾಡುವಷ್ಟು ಪ್ರವೇಶ ಕೊಡಿ, ಅವರಿಗೆ ಬೇರೆಯೇ ಲಾಗಿನ್ ಮಾಡಿಕೊಡಿ.

ಓಟಿಪಿ ವಿಷಯ ಇಲ್ಲಿನವರು ಮುಖ್ಯವಾಗಿ ನೋಡಿಕೊಳ್ಳಬೇಕು. ಲಾಗಿನ್ ನಿಮ್ಮದು, ಓಟಿಪಿ ಹೋಗುವುದು ಡೆವಲಪರ್ ಫೋನಿಗೆ ಅಂತ ಆದರೆ ಏನೂ ಪ್ರಯೋಜನ ಇಲ್ಲ ಮಾರಾಯ್ರೆ. ಅವರು ಕತಾರಿಗೆ ಹೋಗಿ ಇಲ್ಲಿನ ಸಿಮ್ ರೀಚಾರ್ಜ್ ಮಾಡದೇ ಬಿಟ್ಟರೆ ಬಾಗಿಲು ಮುಚ್ಚಿದ ಹಾಗೆಯೇ.

ಯಾವ ಡೊಮೇನ್ ತೆಗೆದುಕೊಳ್ಳುವುದು? ಡಾಟ್ ಕಾಮ್, ಡಾಟ್ ಇನ್ ಎರಡೂ ನಡೆಯುತ್ತದೆ. ಡಾಟ್ ಇನ್ ನೋಡಿಕೊಳ್ಳುವುದು ನಮ್ಮ ದೇಶದ ನಿಕ್ಸಿ ಎಂಬ ಸಂಸ್ಥೆ. ಹೆಸರು ಚಿಕ್ಕದಾಗಿರಲಿ, ಫೋನಿನಲ್ಲಿ ಹೇಳಿದರೆ ಕೇಳಿದವರು ತಪ್ಪಿಲ್ಲದೆ ಟೈಪ್ ಮಾಡುವಂತಿರಲಿ. ಊರ ಹೆಸರು ಸೇರಿಸುವವರಿಗೆ ಉಡುಪಿ ಸುಲಭ. ಮಂಗಳೂರನ್ನು ಇಂಗ್ಲಿಷ್ ಅಕ್ಷರದಲ್ಲಿ ಎರಡು ಥರ ಬರೆಯುತ್ತಾರೆ, ಹಾಗಾಗಿ ಯೋಚಿಸಿ ಆರಿಸಿ.

ನವೀಕರಣದ ದಿನ ತಪ್ಪಿಸಬೇಡಿ. ಡಾಟ್ ಕಾಮ್ ಡೊಮೇನ್ ಅವಧಿ ಮುಗಿದ ಮೇಲೆ ಕಂಪನಿಗಳು ಸಾಮಾನ್ಯವಾಗಿ ಕೆಲವು ದಿನ ಕಾಯುತ್ತವೆ. ಹೆಸರನ್ನು ಅಳಿಸಿದ ಮೇಲೂ 30 ದಿನಗಳ ಒಂದು ಅವಕಾಶ ಇರುತ್ತದೆ, ಆದರೆ ಆಗ ದಂಡದ ಹಣ ಮೂಲ ಬೆಲೆಗಿಂತ ಎಷ್ಟೋ ಪಟ್ಟು ಜಾಸ್ತಿ. ಅದೂ ಕಳೆದರೆ ಆ ಹೆಸರನ್ನು ಯಾರು ಬೇಕಾದರೂ ತೆಗೆದುಕೊಳ್ಳಬಹುದು. ಒಮ್ಮೆಗೇ ಎರಡು ಮೂರು ವರ್ಷಕ್ಕೆ ಕಟ್ಟಿಡುವುದು ನೆಮ್ಮದಿ.

ಎರಡು ಪುಟದ ಒಪ್ಪಂದ

ದೊಡ್ಡ ವಕೀಲರ ಭಾಷೆ ಬೇಡ. ಕನ್ನಡದಲ್ಲೇ ಬರೆದರೂ ಸರಿ. ಏನು ಕೆಲಸ, ಎಷ್ಟು ಪುಟ, ಯಾವ ದಿನದೊಳಗೆ, ಎಷ್ಟು ಹಣ, ಎಷ್ಟು ಸಲ ತಿದ್ದುಪಡಿ, ಮುಗಿದ ಮೇಲೆ ಎಷ್ಟು ತಿಂಗಳು ಉಚಿತವಾಗಿ ದೋಷ ಸರಿಪಡಿಸಬೇಕು, ನಡುವೆ ಕೆಲಸ ನಿಂತರೆ ಯಾರು ಯಾರಿಗೆ ಏನು ಕೊಡಬೇಕು. ಇಷ್ಟು ಇರಲಿ.

ಇದರಲ್ಲಿ ಜನರಿಗೆ ಗೊತ್ತಿಲ್ಲದ ಒಂದು ವಿಷಯ ಇದೆ. ಹಣ ಕೊಟ್ಟ ಮಾತ್ರಕ್ಕೆ ಕೋಡ್ ಮತ್ತು ವಿನ್ಯಾಸದ ಕೃತಿಸ್ವಾಮ್ಯ ನಿಮ್ಮದಾಗುವುದಿಲ್ಲ. 1957ರ ಕಾಪಿರೈಟ್ ಕಾಯ್ದೆ ಪ್ರಕಾರ, ಸಂಬಳದ ನೌಕರರು ಕೆಲಸದ ಭಾಗವಾಗಿ ಮಾಡಿದ್ದು ಸಾಮಾನ್ಯವಾಗಿ ಕೆಲಸ ಕೊಟ್ಟವರಿಗೆ ಸೇರುತ್ತದೆ. ಫ್ರೀಲಾನ್ಸರ್ ನಿಮ್ಮ ನೌಕರರಲ್ಲ, ಹಾಗಾಗಿ ಅವರು ಬರೆದ ಕೋಡ್‌ಗೆ ಮೊದಲ ಒಡೆಯರು ಅವರೇ. ನಿಮಗೆ ಬರಬೇಕಾದರೆ ಸೆಕ್ಷನ್ 19ರಂತೆ ಬರವಣಿಗೆಯಲ್ಲಿ, ಅವರ ಸಹಿಯೊಂದಿಗೆ ವರ್ಗವಾಗಬೇಕು. ಅವಧಿ ಬರೆಯದೇ ಬಿಟ್ಟರೆ ಕಾನೂನು ಅದನ್ನು 5 ವರ್ಷಕ್ಕೆ ಎಂದು ತಿಳಿಯುತ್ತದೆ. ಪ್ರದೇಶ ಬರೆಯದಿದ್ದರೆ ಭಾರತದೊಳಗೆ ಮಾತ್ರ. ಆದ್ದರಿಂದ "ಪೂರ್ತಿ ಹಣ ಸಂದಾಯವಾದ ಮೇಲೆ ಈ ಸೈಟ್‌ಗಾಗಿ ಮಾಡಿದ ಕೋಡ್, ವಿನ್ಯಾಸ, ಚಿತ್ರಗಳ ಕೃತಿಸ್ವಾಮ್ಯವು ಅದರ ಪೂರ್ಣ ಅವಧಿಗೆ, ಪ್ರಪಂಚದಾದ್ಯಂತ ಮಾಲೀಕರಿಗೆ ಸೇರುತ್ತದೆ" ಎಂಬ ಸಾಲು ಹಾಕಿಸಿ. ವರ್ಡ್‌ಪ್ರೆಸ್, ಖರೀದಿಸಿದ ಥೀಮ್ ಇದಕ್ಕೆ ಸೇರುವುದಿಲ್ಲ, ಅವಕ್ಕೆ ಅವುಗಳದೇ ಲೈಸೆನ್ಸ್ ಇರುತ್ತದೆ.

ಹಣವನ್ನು ಮೂರು ಕಂತು ಮಾಡಿ. ಶುರುವಿಗೆ ನೂರಕ್ಕೆ 30, ವಿನ್ಯಾಸ ಒಪ್ಪಿ ಎಲ್ಲ ಪುಟಗಳು ಪರೀಕ್ಷೆಯ ಲಿಂಕ್‌ನಲ್ಲಿ ಕಂಡಾಗ 40, ಎಲ್ಲ ಒಪ್ಪಿಸಿಕೊಂಡ ಮೇಲೆ 30. ಕೊನೆಯ ಕಂತನ್ನು ಹೇಳಿದ ದಿನವೇ ಕೊಡಿ. "ನಾಳೆ ಬಾ, ಸೋಮವಾರ ಬಾ" ಎಂದು ಓಡಾಡಿಸುವ ಮಾಲೀಕರೂ ನಮ್ಮಲ್ಲಿ ಕಡಿಮೆ ಇಲ್ಲ. ಕೆಲಸ ಮಾಡಿದವರ ದುಡ್ಡು ಹಿಡಿದಿಟ್ಟುಕೊಳ್ಳುವುದು ಅನ್ಯಾಯ. ಹಾಗೆ ಮಾಡಿದರೆ ಸೈಟ್ ಕೈಕೊಟ್ಟ ರಾತ್ರಿ ಯಾರೂ ಫೋನ್ ಎತ್ತುವುದಿಲ್ಲ.

ಕನ್ನಡ ಪುಟ ಇದ್ದರೆ

ನಿಮ್ಮ ಹತ್ತಿರ ಪ್ರೆಸ್‌ನವರು ಮಾಡಿಕೊಟ್ಟ ಕರಪತ್ರದ ಮ್ಯಾಟರ್ ಇರುತ್ತದೆ. ಅದು ನುಡಿ ಅಥವಾ ಬರಹದ ಹಳೆಯ ಫಾಂಟ್‌ನಲ್ಲಿದ್ದರೆ ಸೈಟ್‌ಗೆ ಹಾಕಿದಾಗ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ. ಅದನ್ನು ಎಲ್ಲ ಫೋನ್, ಕಂಪ್ಯೂಟರ್‌ಗಳೂ ಓದುವ ಯೂನಿಕೋಡ್‌ಗೆ ಬದಲಿಸಬೇಕು. ಬದಲಿಸುವ ಉಚಿತ ಸಾಧನಗಳಿವೆ, ಆದರೆ ಆಮೇಲೆ ಕನ್ನಡ ಚೆನ್ನಾಗಿ ಬಲ್ಲವರು ಒಮ್ಮೆ ಓದಲೇಬೇಕು. ಅರ್ಕಾವೊತ್ತು, ಒತ್ತಕ್ಷರಗಳು ಎಲ್ಲೆಲ್ಲೋ ಹೋಗಿರುತ್ತವೆ. ಕೆಲವರು ಈ ರಗಳೆಯೇ ಬೇಡ ಎಂದು ಕನ್ನಡವನ್ನು ಚಿತ್ರವಾಗಿ ಅಂಟಿಸುತ್ತಾರೆ. ಹಾಗೆ ಮಾಡಿದರೆ ಹುಡುಕುವವರಿಗೆ ಸಿಗುವುದು ಕಷ್ಟ, ನಕಲು ಮಾಡಿ ವಾಟ್ಸಾಪ್‌ಗೆ ಕಳಿಸಲೂ ಆಗುವುದಿಲ್ಲ.

ಇಂಗ್ಲಿಷಿಗೆ ಹಾಕಿದ ಸಾಲಿನ ಅಂತರ ಕನ್ನಡಕ್ಕೆ ಸಾಲದು, ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಣಿತಕ್ಕೆ ತಾಗುತ್ತದೆ. ನೋಟೋ ಸಾನ್ಸ್ ಕನ್ನಡ, ಬಾಲೂ ತಮ್ಮ ಎಂಬ ಉಚಿತ ಫಾಂಟ್‌ಗಳು ಫೋನಿನಲ್ಲಿ ಚೆನ್ನಾಗಿ ಕಾಣುತ್ತವೆ. ತುಳುವಿನಲ್ಲಿ ಎರಡು ಸ್ವಾಗತದ ಮಾತು ಹಾಕಬೇಕೆನಿಸಿದರೆ ಕನ್ನಡ ಲಿಪಿಯಲ್ಲೇ ಹಾಕಿ. ತುಳು ತಿಗಳಾರಿ ಲಿಪಿ 2024ರಲ್ಲಿ ಯೂನಿಕೋಡ್ 16ಕ್ಕೆ ಸೇರಿತು, ಸಂತೋಷದ ವಿಷಯ, ಆದರೆ ಗಿರಾಕಿಗಳ ಫೋನಿನಲ್ಲಿ ಅದರ ಫಾಂಟ್ ಇರುವುದು ಅಪರೂಪ.

ಸೈಟ್‌ನಲ್ಲೇ ಮಾರುವವರು

ಸೈಟ್‌ನಲ್ಲಿ ಗಿರಾಕಿಯ ಹಣ ಪಡೆದು ನಿಮಗೆ ತಲುಪಿಸುವ ರೇಜರ್‌ಪೇಯಂಥ ಪೇಮೆಂಟ್ ಗೇಟ್‌ವೇ ಖಾತೆ ನಿಮ್ಮ ವ್ಯಾಪಾರದ ಪ್ಯಾನ್, ನಿಮ್ಮ ಬ್ಯಾಂಕ್ ಖಾತೆಯ ಮೇಲೆಯೇ ಇರಲಿ. "ಸದ್ಯಕ್ಕೆ ನನ್ನ ಖಾತೆ ಹಾಕೋಣ" ಎಂಬ ಮಾತಿಗೆ ಒಪ್ಪಲೇಬೇಡಿ. ಗೇಟ್‌ವೇ ಕಂಪನಿಯವರು ಖಾತೆ ಚಾಲೂ ಮಾಡುವ ಮೊದಲು ಸೈಟ್‌ನಲ್ಲಿ ಸಂಪರ್ಕ, ಷರತ್ತು, ಖಾಸಗಿತನ, ಹಣ ವಾಪಸಾತಿಯ ಪುಟಗಳನ್ನು ಕೇಳುತ್ತಾರೆ. ಅವನ್ನು ಬೇರೆ ಸೈಟ್‌ನಿಂದ ನಕಲು ಮಾಡಬೇಡಿ, ನಿಮ್ಮ ನಿಯಮ ಏನೋ ಅದನ್ನೇ ಬರೆಯಿರಿ. ಒಡೆದ ಉಪ್ಪಿನಕಾಯಿ ಬಾಟಲಿ ತಲುಪಿದರೆ ಏನು ಮಾಡುತ್ತೀರಿ ಎಂಬುದು ಸ್ಪಷ್ಟವಾಗಿರಲಿ.

ತಿಂಡಿ ತಿನಿಸು ಮಾರುವವರು ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ಎಫ್‌ಎಸ್‌ಎಸ್‌ಎಐ ಸಂಖ್ಯೆ ಹಾಕಿ. 2020ರ ಗ್ರಾಹಕ ಸಂರಕ್ಷಣಾ ಇ-ಕಾಮರ್ಸ್ ನಿಯಮಗಳಂತೆ ದೂರು ನೋಡುವವರ ಹೆಸರು ಮತ್ತು ಸಂಪರ್ಕ ಸೈಟ್‌ನಲ್ಲಿ ಕಾಣಬೇಕು. ದೂರು ತಲುಪಿತೆಂದು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು.

ಒಪ್ಪಿಸಿಕೊಳ್ಳುವ ದಿನ

ಕಂಪ್ಯೂಟರಿನಲ್ಲಿ ನೋಡಿ ಒಪ್ಪಬೇಡಿ, ಹಳೆಯ ಆಂಡ್ರಾಯ್ಡ್ ಫೋನಿನಲ್ಲಿ ನೋಡಿ. ನಂಬರ್ ಮುಟ್ಟಿದರೆ ಕರೆ ಹೋಗುತ್ತದಾ? ನಂಬರಿಗೆ 91 ಸೇರಿಸಿದ್ದಾರಾ? ಇಲ್ಲದಿದ್ದರೆ ಗಲ್ಫ್‌ನಲ್ಲಿರುವವರ ಕರೆ ತಾಗುವುದಿಲ್ಲ. ಮ್ಯಾಪ್ ನಿಮ್ಮ ಬಾಗಿಲಿಗೇ ತರುತ್ತದಾ, ಹಿಂದಿನ ಓಣಿಗಾ? ಫಾರ್ಮ್ ತುಂಬಿದರೆ ಇಮೇಲ್ ಬರುತ್ತದಾ? ಫೋನಿನಿಂದ ತೆಗೆದ ಐದಾರು ಎಂಬಿ ಫೋಟೋಗಳನ್ನು ಹಾಗೆಯೇ ಏರಿಸಿದ್ದರೆ ಘಟ್ಟದ ಬುಡದ ಹಳ್ಳಿಗಳಲ್ಲಿ ಪುಟ ತೆರೆಯುವುದೇ ಇಲ್ಲ. ಗೂಗಲ್‌ನ ಪೇಜ್‌ಸ್ಪೀಡ್ ಇನ್‌ಸೈಟ್ಸ್‌ನಲ್ಲಿ ಸೈಟ್ ಹೆಸರು ಹಾಕಿದರೆ ಎಲ್ಲಿ ನಿಧಾನ ಎಂದು ಉಚಿತವಾಗಿ ತೋರಿಸುತ್ತದೆ.

ಆಮೇಲೆ ಎಲ್ಲ ಲಾಗಿನ್‌ಗಳ ಪಟ್ಟಿ, ವಿನ್ಯಾಸದ ಮೂಲ ಫೈಲ್, ಲೋಗೋ, ಲೈಸೆನ್ಸ್‌ಗಳು, ಕೋಡ್, ಪೂರ್ತಿ ಬ್ಯಾಕಪ್ ಪಡೆಯಿರಿ. ಬೆಲೆ, ಫೋಟೋ ಬದಲಿಸುವುದು ಹೇಗೆಂದು ನಿಮ್ಮ ಕೈಯಲ್ಲೇ ಒಮ್ಮೆ ಮಾಡಿಸಲಿ. ಅದನ್ನು ಸ್ಕ್ರೀನ್ ರೆಕಾರ್ಡ್ ಮಾಡಿಟ್ಟುಕೊಂಡರೆ ಮುಂದೆ ಮಗಳೋ ಅಂಗಡಿಯ ಹುಡುಗನೋ ನೋಡಿ ಕಲಿಯುತ್ತಾರೆ.

ಆಮೇಲಿನ ದಿನಗಳು

ವರ್ಡ್‌ಪ್ರೆಸ್, ಪ್ಲಗಿನ್‌ಗಳನ್ನು ಆಗಾಗ ಅಪ್‌ಡೇಟ್ ಮಾಡದಿದ್ದರೆ ಕಳ್ಳರಿಗೆ ದಾರಿ ಬಿಟ್ಟ ಹಾಗೆ. ಇದಕ್ಕೆ ವರ್ಷಕ್ಕೆ ಇಷ್ಟು ಎಂದು ನಿರ್ವಹಣೆಯ ಹಣ ಗೊತ್ತು ಮಾಡಿ, ಅದರಲ್ಲಿ ಏನೇನು ಸೇರಿದೆ ಎಂದು ಬರೆಸಿ. ತಿಂಗಳಿಗೊಮ್ಮೆ ಬ್ಯಾಕಪ್ ನಿಮ್ಮ ಗೂಗಲ್ ಡ್ರೈವ್‌ಗೆ ಬರಲಿ. ಹೋಸ್ಟಿಂಗ್‌ನೊಳಗೆ ಮಾತ್ರ ಇರುವ ಬ್ಯಾಕಪ್ ಹೋಸ್ಟಿಂಗ್ ಜೊತೆಗೇ ಹೋಗುತ್ತದೆ.

ಡೆವಲಪರ್ ಬೇರೆ ಊರಿಗೆ ಹೊರಟರು ಎಂದು ಗೊತ್ತಾದರೆ ಬೇಸರ ಮಾಡಿಕೊಳ್ಳಬೇಡಿ, ಬಾಕಿ ಹಣ ಮೊದಲು ಕೊಟ್ಟುಬಿಡಿ. ಅವರು ಇರುವಾಗಲೇ ಹೊಸಬರನ್ನು ಗೊತ್ತು ಮಾಡಿ, ಇಬ್ಬರನ್ನೂ ಒಂದು ಗಂಟೆ ಮಾತಾಡಿಸಿ. ಹೊಸಬರಿಗೆ ಹೊಸ ಲಾಗಿನ್ ಕೊಟ್ಟು ಹಳೆಯದನ್ನು ತೆಗೆಯಿರಿ, ಡೊಮೇನ್, ಹೋಸ್ಟಿಂಗ್, ಜಿಮೇಲ್ ಪಾಸ್‌ವರ್ಡ್‌ಗಳನ್ನು ಅವತ್ತೇ ಬದಲಿಸಿ. ಹಳಬರ ವಿದೇಶದ ವಾಟ್ಸಾಪ್ ನಂಬರ್ ಮಾತ್ರ ಬರೆದಿಟ್ಟುಕೊಳ್ಳಿ, ಯಾವುದೋ ಹಳೆಯ ಸೆಟ್ಟಿಂಗ್ ಕೇಳಬೇಕಾಗಿ ಬರುತ್ತದೆ.